ಮೆಡಿಕೇರ್ ಪೂರಕ ವಿಮೆ: ಪ್ರೀಮಿಯಂ ಬೇರೆ, ನಿಜವಾದ ವೆಚ್ಚ ಬೇರೆ

ಒಂದೇ ನಮೂನೆಯ ಸರಕಿಗೆ ನಾಲ್ಕು ಕಡೆಯಿಂದ ಕೊಟೇಷನ್ ತರಿಸಿ, ಸಾಗಣೆ, ತೆರಿಗೆ, ಒಡಕು, ತೂಕದ ಕೊರತೆ ಎಲ್ಲವನ್ನೂ ಸೇರಿಸಿ ಅಂತಿಮ ಬೆಲೆಯನ್ನು ಲೆಕ್ಕ ಹಾಕುವುದು ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ನಿತ್ಯದ ಅಭ್ಯಾಸ. ಆದರೆ ಆರೋಗ್ಯ ವಿಮೆಯನ್ನು ಕೊಳ್ಳುವ ಸಂದರ್ಭದಲ್ಲಿ ಅದೇ ವ್ಯವಹಾರಸ್ಥರು ಪ್ರೀಮಿಯಂ ಒಂದನ್ನೇ ನೋಡಿ ತೀರ್ಮಾನಕ್ಕೆ ಬರುವುದುಂಟು. ವಿಮೆಯ ನಿಜವಾದ ಬೆಲೆಯಲ್ಲಿ ಎರಡು ಅಂಶಗಳಿವೆ: ಪ್ರತಿ ತಿಂಗಳು ಕಟ್ಟುವ ಪ್ರೀಮಿಯಂ ಒಂದು, ಕಾಯಿಲೆ ಬಿದ್ದಾಗ ಕೈಯಿಂದ ಭರಿಸಬೇಕಾದ ಮೊತ್ತ ಇನ್ನೊಂದು. ಈ ಎರಡನ್ನೂ ಕೂಡಿಸಿ ನೋಡುವ ವಿಧಾನಕ್ಕೆ ಅಮೆರಿಕದ ಮೆಡಿಕೇರ್ ಪೂರಕ ವಿಮೆಯಷ್ಟು ಸ್ಪಷ್ಟವಾದ ನಿದರ್ಶನ ಮತ್ತೊಂದು ಸಿಗಲಾರದು.

ಕರ್ನಾಟಕದ ಅನೇಕ ಕುಟುಂಬಗಳಿಗೆ ಇದು ದೂರದ ವಿಷಯವೂ ಅಲ್ಲ. ಅಮೆರಿಕದಲ್ಲಿ ನೆಲೆಸಿ ಅಲ್ಲಿನ ಪೌರತ್ವ ಪಡೆದ ಮಕ್ಕಳು ತಂದೆತಾಯಿಗೆ ಗ್ರೀನ್ ಕಾರ್ಡ್ ಮಾಡಿಸುತ್ತಾರೆ. ಅಂಗಡಿ, ಕಾರ್ಖಾನೆಗಳನ್ನು ಮುಂದಿನ ತಲೆಮಾರಿಗೆ ಒಪ್ಪಿಸಿ ಮಕ್ಕಳ ಬಳಿಗೆ ಹೋಗುವ ಹಿರಿಯರಿದ್ದಾರೆ. ಅಲ್ಲಿಯೇ ಮೂವತ್ತು ವರ್ಷ ದುಡಿದು ಈಗ ನಿವೃತ್ತಿಯ ಹೊಸ್ತಿಲಲ್ಲಿರುವ ಕನ್ನಡಿಗರೂ ಇದ್ದಾರೆ. ಈ ಎಲ್ಲರೂ ಒಂದಲ್ಲ ಒಂದು ದಿನ ಇದೇ ಪ್ರಶ್ನೆಯನ್ನು ಎದುರಿಸಬೇಕಾಗುತ್ತದೆ. ತಪ್ಪಿದರೆ ತಿದ್ದಿಕೊಳ್ಳುವ ಅವಕಾಶ ಇದರಲ್ಲಿ ಬಹಳ ಕಡಿಮೆ.

ಮೂಲ ಮೆಡಿಕೇರ್ ಬಿಟ್ಟುಕೊಡುವ ಹೊರೆ

ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು 1965ರ ಜುಲೈ 30ರಂದು ಸಹಿ ಹಾಕಿದ ಕಾನೂನಿನಿಂದ ಮೆಡಿಕೇರ್ ಜನ್ಮ ತಾಳಿತು. 1966ರ ಜುಲೈ 1ರಿಂದ ಅದು ಜಾರಿಗೆ ಬಂದಿತು. 65 ವರ್ಷ ತುಂಬಿದವರಿಗೆ ಕೇಂದ್ರ ಸರ್ಕಾರವೇ ನಡೆಸುವ ಈ ಯೋಜನೆಯಲ್ಲಿ ಎರಡು ಮೂಲ ಭಾಗಗಳಿವೆ. ಭಾಗ-ಎ ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಪಡೆಯುವ ಚಿಕಿತ್ಸೆಗೆ ಸಂಬಂಧಿಸಿದ್ದು. ಭಾಗ-ಬಿ ವೈದ್ಯರ ಶುಲ್ಕ, ಪರೀಕ್ಷೆಗಳು ಮತ್ತು ಹೊರರೋಗಿ ಚಿಕಿತ್ಸೆಗೆ ಸಂಬಂಧಿಸಿದ್ದು. ಔಷಧಿಗಳಿಗಾಗಿ 2006ರಿಂದ ಭಾಗ-ಡಿ ಎಂಬ ಪ್ರತ್ಯೇಕ ವಿಮೆ ಜಾರಿಯಲ್ಲಿದೆ.

ಸರ್ಕಾರಿ ವಿಮೆಯಾದ ಮಾತ್ರಕ್ಕೆ ಎಲ್ಲ ಖರ್ಚನ್ನೂ ಸರ್ಕಾರವೇ ಭರಿಸುತ್ತದೆಂದು ಭಾವಿಸುವುದು ತಪ್ಪು. 2026ರ ದರಗಳ ಪ್ರಕಾರ, ಆಸ್ಪತ್ರೆಗೆ ದಾಖಲಾದಾಗ ಮೊದಲ 1,736 ಡಾಲರುಗಳನ್ನು ರೋಗಿಯೇ ಕೊಡಬೇಕು. ವಿಮೆ ಆರಂಭವಾಗುವ ಮುನ್ನ ರೋಗಿ ಭರಿಸಬೇಕಾದ ಇಂಥ ಮೊತ್ತಕ್ಕೆ ಡಿಡಕ್ಟಿಬಲ್ ಎಂದು ಹೆಸರು. ಭಾಗ-ಎ ಡಿಡಕ್ಟಿಬಲ್ ವರ್ಷಕ್ಕೊಮ್ಮೆ ಮಾತ್ರ ಬರುವುದಲ್ಲ ಎಂಬುದು ಗಮನಾರ್ಹ. ಆಸ್ಪತ್ರೆಯಿಂದ ಹೊರಬಂದು 60 ದಿನ ಕಳೆದ ಮೇಲೆ ಮತ್ತೆ ದಾಖಲಾದರೆ ಅದನ್ನು ಮತ್ತೊಮ್ಮೆ ಕೊಡಬೇಕಾಗುತ್ತದೆ. ಆಸ್ಪತ್ರೆವಾಸ 60 ದಿನ ದಾಟಿದರೆ 61ರಿಂದ 90ನೆಯ ದಿನದವರೆಗೆ ದಿನಕ್ಕೆ 434 ಡಾಲರ್, ಆ ನಂತರ ಜೀವಮಾನದಲ್ಲಿ ಒಟ್ಟು 60 ದಿನಗಳಿಗೆ ಸೀಮಿತವಾದ ಮೀಸಲು ದಿನಗಳಲ್ಲಿ ದಿನಕ್ಕೆ 868 ಡಾಲರ್ ತೆರಬೇಕು. ಒಬ್ಬ ರೋಗಿ ನಿರಂತರವಾಗಿ 100 ದಿನ ಆಸ್ಪತ್ರೆಯಲ್ಲಿದ್ದರೆ ಆತನ ಪಾಲು 1,736, 13,020 ಮತ್ತು 8,680 ಸೇರಿ 23,436 ಡಾಲರ್ ಆಗುತ್ತದೆ.

ಭಾಗ-ಬಿಯ ಹೊರೆ ಇನ್ನೊಂದು ರೀತಿಯದು. 2026ರಲ್ಲಿ ವರ್ಷಕ್ಕೆ 283 ಡಾಲರ್ ಡಿಡಕ್ಟಿಬಲ್ ಕಳೆದ ನಂತರ, ಮೆಡಿಕೇರ್ ಅನುಮೋದಿಸಿದ ಬಿಲ್ಲಿನ ಶೇ. 80ನ್ನು ಸರ್ಕಾರವೂ ಶೇ. 20ನ್ನು ರೋಗಿಯೂ ಭರಿಸುತ್ತಾರೆ. ಶೇ. 20 ಎಂಬುದು ಕೇಳುವುದಕ್ಕೆ ಸಣ್ಣದಾಗಿದ್ದರೂ ಅದಕ್ಕೆ ಗರಿಷ್ಠ ಮಿತಿಯೇ ಇಲ್ಲ. ಕ್ಯಾನ್ಸರಿಗೆ ಹೊರರೋಗಿಯಾಗಿ ಪಡೆಯುವ ಕಿಮೊಥೆರಪಿ ಈ ಭಾಗದಲ್ಲೇ ಬರುತ್ತದೆ. ಅನುಮೋದಿತ ಬಿಲ್ಲು ವರ್ಷಕ್ಕೆ 60,000 ಡಾಲರ್ ಆದರೆ ರೋಗಿಯ ಪಾಲು 12,200 ಡಾಲರನ್ನು ಮೀರುತ್ತದೆ. ಮರುವರ್ಷ ಚಿಕಿತ್ಸೆ ಮುಂದುವರಿದರೆ ಲೆಕ್ಕ ಮತ್ತೆ ಮೊದಲಿನಿಂದ ಆರಂಭ. ವ್ಯಾಪಾರದ ಮಾತಿನಲ್ಲಿ ಹೇಳುವುದಾದರೆ, ಮಿತಿಯಿಲ್ಲದ ಜಾಮೀನಿಗೆ ಸಹಿ ಹಾಕಿದಂತೆ.

ಈ ಕೊರತೆಗಳನ್ನು ತುಂಬುವುದಕ್ಕಾಗಿ ಖಾಸಗಿ ಕಂಪನಿಗಳು ಮಾರುವ ಪಾಲಿಸಿಯೇ ಮೆಡಿಕೇರ್ ಪೂರಕ ವಿಮೆ. ಬಳಕೆಯ ಮಾತಿನಲ್ಲಿ ಅದಕ್ಕೆ ಮೆಡಿಗ್ಯಾಪ್ ಎಂದು ಹೆಸರು.

ಅಕ್ಷರವೇ ಸರಕು, ಕಂಪನಿ ಬರಿಯ ಅಂಗಡಿ

ಒಂದು ಕಾಲದಲ್ಲಿ ಈ ಪೂರಕ ಪಾಲಿಸಿಗಳು ಕಂಪನಿಗೊಂದು ಬಗೆಯಾಗಿದ್ದವು. ಯಾವುದರಲ್ಲಿ ಏನಿದೆ, ಏನಿಲ್ಲ ಎಂದು ತಿಳಿಯದೆ ವೃದ್ಧರು ಒಂದರ ಮೇಲೊಂದು ಪಾಲಿಸಿ ಕೊಳ್ಳುತ್ತಿದ್ದರು. ಇದನ್ನು ಸರಿಪಡಿಸಲು ಅಮೆರಿಕದ ಸಂಸತ್ತು 1990ರಲ್ಲಿ ಕಾನೂನು ತಂದು ಪಾಲಿಸಿಗಳನ್ನು ನಿರ್ದಿಷ್ಟ ನಮೂನೆಗಳಿಗೆ ಕಟ್ಟುಹಾಕಿತು. ಪ್ರತಿ ನಮೂನೆಗೂ ಒಂದು ಅಕ್ಷರ ಕೊಡಲಾಯಿತು. ಇಂದು ಎ, ಬಿ, ಸಿ, ಡಿ, ಎಫ್, ಜಿ, ಕೆ, ಎಲ್, ಎಂ ಮತ್ತು ಎನ್ ಎಂಬ ಹತ್ತು ಪ್ಲಾನುಗಳಿವೆ. ಮ್ಯಾಸಚೂಸೆಟ್ಸ್, ಮಿನ್ನೆಸೋಟ ಮತ್ತು ವಿಸ್ಕಾನ್ಸಿನ್ ರಾಜ್ಯಗಳಲ್ಲಿ ಮಾತ್ರ ಪ್ರತ್ಯೇಕ ನಮೂನೆಗಳಿವೆ. ಮೆಡಿಕೇರ್‌ನ ಭಾಗಗಳಿಗೂ ಪೂರಕ ಪ್ಲಾನುಗಳಿಗೂ ಒಂದೇ ಅಕ್ಷರಗಳನ್ನು ಬಳಸಿರುವುದರಿಂದ ಗೊಂದಲಕ್ಕೆ ಅವಕಾಶವಿದೆ. ಭಾಗ-ಬಿ ಬೇರೆ, ಪ್ಲಾನ್-ಬಿ ಬೇರೆ ಎಂಬುದನ್ನು ಮರೆಯಲಾಗದು.

ಅಗ್‌ಮಾರ್ಕ್ ದರ್ಜೆಯನ್ನು ಬಲ್ಲ ವರ್ತಕರಿಗೆ ಈ ವ್ಯವಸ್ಥೆಯ ಮರ್ಮ ಕೂಡಲೇ ಅರ್ಥವಾಗುತ್ತದೆ. ದರ್ಜೆ ಒಂದೇ ಆದ ಮೇಲೆ ಸರಕಿನ ಗುಣದ ಬಗ್ಗೆ ಚೌಕಾಶಿ ಇಲ್ಲ. ಉಳಿಯುವುದು ದರ ಮಾತ್ರ. ಯಾವ ಕಂಪನಿಯಿಂದ ಕೊಂಡರೂ ಪ್ಲಾನ್-ಜಿ ಕೊಡುವ ಮೂಲ ಸೌಲಭ್ಯಗಳು ಒಂದೇ. ಮೆಡಿಕೇರ್ ಒಪ್ಪಿದ ಬಿಲ್ಲಿಗೆ ಪೂರಕ ಕಂಪನಿ ತನ್ನ ಪಾಲನ್ನು ಕೊಡಲೇಬೇಕು. ಆದರೂ ಒಂದೇ ಊರಿನಲ್ಲಿ, ಒಂದೇ ವಯಸ್ಸಿನವರಿಗೆ, ಒಂದೇ ಅಕ್ಷರದ ಪ್ಲಾನಿಗೆ ಕಂಪನಿಯಿಂದ ಕಂಪನಿಗೆ ಪ್ರೀಮಿಯಂ ಗಣನೀಯವಾಗಿ ಬದಲಾಗುತ್ತದೆ. ಆದ್ದರಿಂದ ಮೊದಲು ಅಕ್ಷರವನ್ನು ನಿರ್ಧರಿಸಿ, ಆ ಬಳಿಕ ಅದೇ ಅಕ್ಷರಕ್ಕೆ ಹಲವು ಕಂಪನಿಗಳ ದರ ಕೇಳುವುದೇ ಸರಿಯಾದ ಕ್ರಮ. ಪಾಲಿಸಿ ಒಬ್ಬರ ಹೆಸರಿನಲ್ಲಿ ಮಾತ್ರ ಇರುತ್ತದೆ. ಗಂಡ ಹೆಂಡತಿ ಇಬ್ಬರೂ ಪ್ರತ್ಯೇಕವಾಗಿ ಕೊಳ್ಳಬೇಕು.

ಪ್ಲಾನುಗಳ ನಡುವಿನ ಅಂತರ ಹೀಗಿದೆ. ದೀರ್ಘ ಆಸ್ಪತ್ರೆವಾಸದ ದಿನವಾರು ಮೊತ್ತವನ್ನು ಹತ್ತೂ ಪ್ಲಾನುಗಳು ಪೂರ್ಣವಾಗಿ ಭರಿಸುತ್ತವೆ. ಮೆಡಿಕೇರ್ ದಿನಗಳು ಮುಗಿದ ಮೇಲೆ ಇನ್ನೂ 365 ದಿನಗಳ ರಕ್ಷಣೆ ನೀಡುತ್ತವೆ. ಪ್ಲಾನ್-ಎ ಅತಿ ಸರಳವಾದುದು; ಅದು 1,736 ಡಾಲರುಗಳ ಆಸ್ಪತ್ರೆ ಡಿಡಕ್ಟಿಬಲನ್ನು ಭರಿಸುವುದಿಲ್ಲ. ಪ್ಲಾನ್-ಜಿ ಭಾಗ-ಬಿಯ 283 ಡಾಲರುಗಳನ್ನು ಬಿಟ್ಟು ಮೆಡಿಕೇರ್ ಒಪ್ಪುವ ಚಿಕಿತ್ಸೆಯಲ್ಲಿ ರೋಗಿಯ ಪಾಲನ್ನೆಲ್ಲ ಭರಿಸುತ್ತದೆ. ಆ 283 ಡಾಲರನ್ನೂ ಕೊಡುವ ಪ್ಲಾನ್-ಸಿ ಮತ್ತು ಪ್ಲಾನ್-ಎಫ್, 2020ರ ಜನವರಿ 1ರಂದು ಅಥವಾ ಆ ನಂತರ ಮೆಡಿಕೇರ್‌ಗೆ ಅರ್ಹರಾದವರಿಗೆ ದೊರೆಯುವುದಿಲ್ಲ. ಪ್ಲಾನ್-ಎನ್ ಬಹುತೇಕ ಜಿಯಂತೆಯೇ ಇದ್ದು, ವೈದ್ಯರ ಪ್ರತಿ ಭೇಟಿಗೆ ಗರಿಷ್ಠ 20 ಡಾಲರ್ ಮತ್ತು ದಾಖಲಾತಿಯಿಲ್ಲದ ತುರ್ತು ಚಿಕಿತ್ಸೆಗೆ ಗರಿಷ್ಠ 50 ಡಾಲರ್ ರೋಗಿಯಿಂದ ಪಡೆಯುತ್ತದೆ. ಮೆಡಿಕೇರ್ ದರವನ್ನು ಪೂರ್ಣವಾಗಿ ಒಪ್ಪಿಕೊಳ್ಳದ ವೈದ್ಯರು ಹಾಕಬಹುದಾದ ಶೇ. 15ರವರೆಗಿನ ಹೆಚ್ಚುವರಿ ಶುಲ್ಕವನ್ನು ಜಿ ಭರಿಸುತ್ತದೆ, ಎನ್ ಭರಿಸುವುದಿಲ್ಲ. ಕೆ ಮತ್ತು ಎಲ್ ಪ್ಲಾನುಗಳು ಹೆಚ್ಚಿನ ವೆಚ್ಚಗಳಲ್ಲಿ ರೋಗಿಯ ಪಾಲಿನ ಕ್ರಮವಾಗಿ ಶೇ. 50 ಮತ್ತು ಶೇ. 75ನ್ನು ಕೊಡುತ್ತವೆ. ಆದರೆ ವರ್ಷದ ಕೈಖರ್ಚಿಗೆ ಮಿತಿ ಹಾಕುತ್ತವೆ. 2026ರಲ್ಲಿ ಆ ಮಿತಿ ಕೆಗೆ 8,000 ಡಾಲರ್, ಎಲ್‌ಗೆ 4,000 ಡಾಲರ್.

ಇದಲ್ಲದೆ ಪ್ಲಾನ್-ಜಿಯ ಇನ್ನೊಂದು ರೂಪವಿದೆ. ಅದರ ಪ್ರೀಮಿಯಂ ಬಹಳ ಕಡಿಮೆ. ಆದರೆ 2026ರಲ್ಲಿ ಮೊದಲ 2,950 ಡಾಲರ್ ವೆಚ್ಚವನ್ನು ಪಾಲಿಸಿದಾರರೇ ಭರಿಸಿದ ಮೇಲೆ ಮಾತ್ರ ಕಂಪನಿ ಕೈ ಬಿಚ್ಚುತ್ತದೆ. ಇದನ್ನು ಹೆಚ್ಚಿನ ಡಿಡಕ್ಟಿಬಲ್‌ನ ಜಿ ಎನ್ನುತ್ತಾರೆ.

ಒಂದು ಮಾದರಿ ಲೆಕ್ಕ

ವಿವರಣೆಗಾಗಿ ಮಾತ್ರ ಮೂರು ದರಗಳನ್ನು ಊಹಿಸಿಕೊಳ್ಳಬಹುದು: ತಿಂಗಳಿಗೆ ಪ್ಲಾನ್-ಜಿಗೆ 160 ಡಾಲರ್, ಪ್ಲಾನ್-ಎನ್‌ಗೆ 120 ಡಾಲರ್, ಹೆಚ್ಚಿನ ಡಿಡಕ್ಟಿಬಲ್‌ನ ಜಿಗೆ 55 ಡಾಲರ್. ನಿಜವಾದ ದರ ರಾಜ್ಯ, ಪಿನ್‌ಕೋಡು, ವಯಸ್ಸು, ತಂಬಾಕಿನ ಅಭ್ಯಾಸ ಮುಂತಾದವುಗಳನ್ನು ಅವಲಂಬಿಸಿರುತ್ತದೆ. ಲೆಕ್ಕದ ಕ್ರಮ ಮಾತ್ರ ಎಲ್ಲರಿಗೂ ಒಂದೇ.

ಪ್ಲಾನ್-ಜಿ: ವರ್ಷದ ಪ್ರೀಮಿಯಂ 1,920 ಡಾಲರ್. ಅದಕ್ಕೆ 283 ಸೇರಿಸಿದರೆ 2,203 ಡಾಲರ್. ಶಸ್ತ್ರಚಿಕಿತ್ಸೆಯೇ ಆಗಲಿ, ದೀರ್ಘ ಕಾಯಿಲೆಯೇ ಆಗಲಿ, ಮೆಡಿಕೇರ್ ಒಪ್ಪುವ ಚಿಕಿತ್ಸೆಗೆ ವರ್ಷದ ಖರ್ಚು ಇದನ್ನು ಮೀರುವುದಿಲ್ಲ.

ಪ್ಲಾನ್-ಎನ್: ವರ್ಷದ ಪ್ರೀಮಿಯಂ 1,440 ಡಾಲರ್, 283 ಸೇರಿದರೆ 1,723. ಜಿಗಿಂತ ಉಳಿತಾಯ 480 ಡಾಲರ್. ಭೇಟಿಗೆ 20 ಡಾಲರಿನಂತೆ ಲೆಕ್ಕ ಹಾಕಿದರೆ ವರ್ಷಕ್ಕೆ 24 ಭೇಟಿಗಳಾದಾಗ ಎರಡೂ ಸಮ. ವರ್ಷಕ್ಕೆ ಆರೆಂಟು ಬಾರಿ ವೈದ್ಯರನ್ನು ಕಾಣುವವರಿಗೆ ಎನ್ ಅಗ್ಗ. ಹೃದ್ರೋಗ, ಮಧುಮೇಹ, ಕೀಲುನೋವು ಎಂದು ತಿಂಗಳಿಗೆ ಮೂರು ತಜ್ಞರ ಬಳಿಗೆ ಹೋಗುವವರಿಗೆ ಜಿ ಲಾಭಕರ. ಆದರೆ ಎನ್ ಕೊಳ್ಳುವವರು ತಮ್ಮ ವೈದ್ಯರು ಮೆಡಿಕೇರ್ ದರವನ್ನು ಪೂರ್ಣವಾಗಿ ಒಪ್ಪುತ್ತಾರೆಯೇ ಎಂದು ಮೊದಲೇ ವಿಚಾರಿಸಬೇಕು.

ಹೆಚ್ಚಿನ ಡಿಡಕ್ಟಿಬಲ್‌ನ ಜಿ: ವರ್ಷದ ಪ್ರೀಮಿಯಂ 660 ಡಾಲರ್. ಆರೋಗ್ಯವಾಗಿರುವ ವರ್ಷದಲ್ಲಿ 283 ಡಾಲರ್ ಮಾತ್ರ ಖರ್ಚಾದರೆ ಒಟ್ಟು 943. ಆಸ್ಪತ್ರೆ ಸೇರಿದ ವರ್ಷದಲ್ಲಿ 660 ಮತ್ತು 2,950 ಸೇರಿ 3,610. ಅಂದರೆ ಒಳ್ಳೆಯ ವರ್ಷದಲ್ಲಿ ಮಾಮೂಲು ಜಿಗಿಂತ 1,260 ಡಾಲರ್ ಉಳಿತಾಯ, ಕೆಟ್ಟ ವರ್ಷದಲ್ಲಿ 1,407 ಡಾಲರ್ ನಷ್ಟ. ಒಂದು ಕೆಟ್ಟ ವರ್ಷದ ನಷ್ಟವನ್ನು ಎರಡು ಒಳ್ಳೆಯ ವರ್ಷಗಳು ತುಂಬಿಕೊಟ್ಟು ಮಿಗಿಸುತ್ತವೆ. ಮೂರು ಸಾವಿರ ಡಾಲರನ್ನು ಪ್ರತ್ಯೇಕವಾಗಿ ತೆಗೆದಿಟ್ಟುಕೊಳ್ಳಬಲ್ಲವರಿಗೆ ಇದು ಯೋಗ್ಯ. ತಿಂಗಳ ಪಿಂಚಣಿಯಲ್ಲೇ ಸಂಸಾರ ತೂಗಿಸುವವರಿಗೆ ಅಲ್ಲ.

ಹೋಲಿಕೆಯಲ್ಲಿ ಮುಖ್ಯವಾದುದು ಅಗ್ಗ ಯಾವುದು ಎಂಬುದಲ್ಲ. ಅತಿ ಕೆಟ್ಟ ವರ್ಷದಲ್ಲಿ ಕೈಯಿಂದ ಎಷ್ಟು ಹೋಗುತ್ತದೆ, ಅದನ್ನು ತಾಳಿಕೊಳ್ಳುವ ಶಕ್ತಿ ಇದೆಯೇ ಎಂಬುದು.

ಇಂದಿನ ದರ ಮತ್ತು ನಾಳಿನ ದರ

65ನೆಯ ವಯಸ್ಸಿನ ಅಗ್ಗದ ಪಾಲಿಸಿ 80ರಲ್ಲೂ ಅಗ್ಗವಾಗಿರುತ್ತದೆಂಬ ಭರವಸೆಯಿಲ್ಲ. ಕಂಪನಿಗಳು ಮೂರು ವಿಧಾನಗಳಲ್ಲಿ ಒಂದನ್ನು ಅನುಸರಿಸಿ ಪ್ರೀಮಿಯಂ ನಿಗದಿಪಡಿಸುತ್ತವೆ. ಮೊದಲನೆಯದರಲ್ಲಿ ವಯಸ್ಸನ್ನು ಲೆಕ್ಕಿಸದೆ ಎಲ್ಲರಿಗೂ ಸಮಾನ ದರ. ಎರಡನೆಯದರಲ್ಲಿ ಪಾಲಿಸಿ ಕೊಂಡಾಗಿನ ವಯಸ್ಸಿಗೆ ತಕ್ಕ ದರ. ಆ ಬಳಿಕ ವಯಸ್ಸು ಏರಿತೆಂಬ ಕಾರಣಕ್ಕೆ ದರ ಏರುವುದಿಲ್ಲ. ಮೂರನೆಯದರಲ್ಲಿ ವಯಸ್ಸು ಏರಿದಂತೆಲ್ಲ ದರವೂ ಏರುತ್ತದೆ. ಮೂರನೆಯ ಬಗೆಯ ಪಾಲಿಸಿ ಆರಂಭದಲ್ಲಿ ಕಡಿಮೆ ದರದ್ದಾಗಿ ಕಂಡರೂ ವರ್ಷಗಳು ಕಳೆದಂತೆ ದುಬಾರಿಯಾಗಬಹುದು. ವೈದ್ಯಕೀಯ ವೆಚ್ಚದ ಏರಿಕೆಯ ಕಾರಣದಿಂದ ಮೂರು ಬಗೆಯಲ್ಲೂ ದರ ಹೆಚ್ಚಬಹುದು. ಆದ್ದರಿಂದ ಕಂಪನಿ ಅನುಸರಿಸುವ ವಿಧಾನ ಯಾವುದು, ಹಿಂದಿನ ವರ್ಷಗಳಲ್ಲಿ ಅದು ಎಷ್ಟು ದರ ಏರಿಸಿದೆ ಎಂಬ ಎರಡು ಪ್ರಶ್ನೆಗಳನ್ನು ಕೇಳದೆ ಸಹಿ ಹಾಕುವುದು ಜಾಣತನವಲ್ಲ.

ಆರು ತಿಂಗಳ ಬಾಗಿಲು

65 ವರ್ಷ ತುಂಬಿ ಭಾಗ-ಬಿ ಆರಂಭವಾದ ತಿಂಗಳಿನಿಂದ ಆರು ತಿಂಗಳ ಕಾಲ ಯಾವ ಕಂಪನಿಯೂ ಕಾಯಿಲೆಯ ಕಾರಣ ಹೇಳಿ ಪೂರಕ ಪಾಲಿಸಿಯನ್ನು ನಿರಾಕರಿಸುವಂತಿಲ್ಲ, ಹೆಚ್ಚು ದರ ಹಾಕುವಂತಿಲ್ಲ. ಮೊದಲೇ ಇದ್ದ ಕಾಯಿಲೆಗೆ ಗರಿಷ್ಠ ಆರು ತಿಂಗಳ ಕಾಯುವಿಕೆಯನ್ನು ಮಾತ್ರ ವಿಧಿಸಬಹುದು. ಈ ಅವಧಿ ಮುಗಿದ ಮೇಲೆ, ಕೆಲವು ವಿಶೇಷ ಸಂದರ್ಭಗಳನ್ನು ಹೊರತುಪಡಿಸಿ, ಹೆಚ್ಚಿನ ರಾಜ್ಯಗಳಲ್ಲಿ ಕಂಪನಿ ಅರ್ಜಿದಾರರ ಆರೋಗ್ಯವನ್ನು ಪರಿಶೀಲಿಸಿ ನಿರಾಕರಿಸಬಹುದು. ನ್ಯೂಯಾರ್ಕ್ ಮತ್ತು ಕನೆಕ್ಟಿಕಟ್ ರಾಜ್ಯಗಳ ಕಾನೂನು ಇದಕ್ಕೆ ಅಪವಾದ. ಅಲ್ಲಿ ವರ್ಷದ ಯಾವ ಕಾಲದಲ್ಲಾದರೂ ಕೊಳ್ಳಬಹುದು.

ಒಮ್ಮೆ ಕೊಂಡ ಪಾಲಿಸಿಯನ್ನು ಪ್ರೀಮಿಯಂ ಕಟ್ಟುತ್ತಿರುವವರೆಗೆ ಕಂಪನಿ ರದ್ದು ಮಾಡುವಂತಿಲ್ಲ. ಆದರೆ ಒಂದು ಪ್ಲಾನಿನಿಂದ ಇನ್ನೊಂದಕ್ಕೆ ಬದಲಾಗುವುದು ಸುಲಭವಲ್ಲ. ಈಗ ಅಗ್ಗದ್ದನ್ನು ಕೊಂಡು ಕಾಯಿಲೆ ಬಂದಾಗ ಉತ್ತಮವಾದುದಕ್ಕೆ ಬದಲಾಗೋಣ ಎಂಬ ಲೆಕ್ಕಾಚಾರ ಬಹುತೇಕ ರಾಜ್ಯಗಳಲ್ಲಿ ಕೈಗೂಡುವುದಿಲ್ಲ.

ಇದೇ ಕಾರಣದಿಂದ ಮೆಡಿಕೇರ್ ಅಡ್ವಾಂಟೇಜ್ ಎಂಬ ಇನ್ನೊಂದು ಮಾರ್ಗವನ್ನು ಆರಿಸುವ ಮುನ್ನವೂ ಯೋಚಿಸಬೇಕು. ಇದು ಖಾಸಗಿ ಕಂಪನಿಗಳು ಮೂಲ ಮೆಡಿಕೇರ್‌ನ ಬದಲಿಗೆ ನಡೆಸುವ ಯೋಜನೆ. ಹೆಚ್ಚುವರಿ ಪ್ರೀಮಿಯಂ ಹಲವು ಕಡೆ ಶೂನ್ಯ. ಔಷಧಿ, ಹಲ್ಲು, ಕಣ್ಣಿನ ಸೌಲಭ್ಯಗಳೂ ಅನೇಕ ವೇಳೆ ಸೇರಿರುತ್ತವೆ. ಆದರೆ ವೈದ್ಯರ ಮತ್ತು ಆಸ್ಪತ್ರೆಗಳ ಜಾಲ ಸೀಮಿತವಾಗಿರುತ್ತದೆ, ಹಲವು ಚಿಕಿತ್ಸೆಗಳಿಗೆ ಪೂರ್ವಾನುಮತಿ ಬೇಕು. ಜಾಲದೊಳಗಿನ ಕೈಖರ್ಚಿಗೆ 2026ರಲ್ಲಿ ಕಾನೂನಿನ ಗರಿಷ್ಠ ಮಿತಿ 9,250 ಡಾಲರ್. ಅಡ್ವಾಂಟೇಜ್ ಮತ್ತು ಪೂರಕ ವಿಮೆ ಎರಡನ್ನೂ ಒಟ್ಟಿಗೆ ಬಳಸಲಾಗದು. 65ರಲ್ಲಿ ಮೊದಲ ಬಾರಿಗೆ ಅಡ್ವಾಂಟೇಜ್ ಸೇರಿದವರು 12 ತಿಂಗಳೊಳಗೆ ಹಿಂದಿರುಗಿದರೆ ಪೂರಕ ಪಾಲಿಸಿ ಪಡೆಯುವ ಹಕ್ಕಿದೆ. ಆ ನಂತರ ಆರೋಗ್ಯ ಪರಿಶೀಲನೆಯ ಅಡ್ಡಿ ಎದುರಾಗಬಹುದು.

ಭಾರತದಿಂದ ಹೋದ ಹಿರಿಯರ ಲೆಕ್ಕ

ಅಮೆರಿಕದಲ್ಲಿ ಹತ್ತು ವರ್ಷ, ಅಂದರೆ 40 ತ್ರೈಮಾಸಿಕಗಳ ದುಡಿಮೆಗೆ ಮೆಡಿಕೇರ್ ತೆರಿಗೆ ಕಟ್ಟಿದವರಿಗೆ ಭಾಗ-ಎ ಉಚಿತ. ಭಾಗ-ಬಿಗೆ 2026ರಲ್ಲಿ ತಿಂಗಳಿಗೆ 202.90 ಡಾಲರ್ ಸಾಮಾನ್ಯ ದರ. ಹೆಚ್ಚು ಆದಾಯದವರಿಗೆ ಇನ್ನೂ ಹೆಚ್ಚು. ಭಾರತದಲ್ಲಿ ದುಡಿದ ವರ್ಷಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಮಕ್ಕಳು ಕಟ್ಟಿದ ತೆರಿಗೆಯ ಆಧಾರದ ಮೇಲೆ ತಂದೆತಾಯಿಗೆ ಸಾಮಾನ್ಯವಾಗಿ ಉಚಿತ ಭಾಗ-ಎ ದೊರೆಯುವುದಿಲ್ಲ.

ಗ್ರೀನ್ ಕಾರ್ಡ್ ಪಡೆದು ಐದು ವರ್ಷ ನಿರಂತರವಾಗಿ ಅಲ್ಲಿ ವಾಸಿಸಿದ, 65 ವರ್ಷ ತುಂಬಿದ ಹಿರಿಯರು ಹಣ ಕಟ್ಟಿ ಮೆಡಿಕೇರ್ ಸೇರಬಹುದು. ದುಡಿಮೆಯ ದಾಖಲೆಯೇ ಇಲ್ಲದವರಿಗೆ 2026ರಲ್ಲಿ ಭಾಗ-ಎ ದರ ತಿಂಗಳಿಗೆ 565 ಡಾಲರ್. ಭಾಗ-ಬಿ ಸೇರಿದರೆ ತಿಂಗಳಿಗೆ 767.90, ವರ್ಷಕ್ಕೆ 9,214.80 ಡಾಲರ್. ಪೂರಕ ವಿಮೆಗೆ ಎರಡೂ ಭಾಗಗಳಿರುವುದು ಕಡ್ಡಾಯ; ಭಾಗ-ಬಿ ಮಾತ್ರ ಇರುವವರಿಗೆ ಅದು ಸಿಗದು. ಮೇಲಿನ ಮಾದರಿ ದರದಂತೆ ಪ್ಲಾನ್-ಜಿ ಸೇರಿಸಿದರೆ ಒಬ್ಬರ ವಾರ್ಷಿಕ ವೆಚ್ಚ 11,417 ಡಾಲರನ್ನು, ದಂಪತಿಗಳದು 22,800 ಡಾಲರನ್ನು ದಾಟುತ್ತದೆ. ಔಷಧಿ ವಿಮೆ ಇದರ ಹೊರಗೆ. ಪೂರಕ ವಿಮೆಯ 160 ಡಾಲರ್ ದುಬಾರಿಯೇ ಎಂದು ಚರ್ಚಿಸುವ ಮುನ್ನ ಈ ಬುನಾದಿಯ ವೆಚ್ಚವನ್ನು ಮಕ್ಕಳೂ ಹಿರಿಯರೂ ಒಟ್ಟಿಗೆ ಕುಳಿತು ನೋಡುವುದು ಒಳಿತು. ಐದು ವರ್ಷ ತುಂಬದವರು 2010ರ ಆರೋಗ್ಯ ಕಾನೂನಿನ ಅನ್ವಯ ರೂಪುಗೊಂಡ ವಿಮಾ ಮಾರುಕಟ್ಟೆಯಲ್ಲಿ ಖಾಸಗಿ ಪಾಲಿಸಿ ಕೊಳ್ಳಬಹುದು. ಪ್ರವಾಸಿ ವೀಸಾದ ಮೇಲೆ ಹೋಗುವವರಿಗೆ ಮೆಡಿಕೇರ್ ಅನ್ವಯಿಸುವುದೇ ಇಲ್ಲ.

ವರ್ಷಕ್ಕೊಮ್ಮೆ ತಾಯ್ನಾಡಿಗೆ ಬರುವ ಕನ್ನಡಿಗರು ಗಮನಿಸಬೇಕಾದ ಒಂದು ಷರತ್ತು ಇದೆ. ಮೂಲ ಮೆಡಿಕೇರ್ ಸಾಮಾನ್ಯವಾಗಿ ಅಮೆರಿಕದ ಹೊರಗಿನ ಚಿಕಿತ್ಸೆಗೆ ಹಣ ಕೊಡುವುದಿಲ್ಲ. ಸಿ, ಡಿ, ಎಫ್, ಜಿ, ಎಂ ಮತ್ತು ಎನ್ ಪ್ಲಾನುಗಳು ವಿದೇಶ ಪ್ರವಾಸದ ಮೊದಲ 60 ದಿನಗಳಲ್ಲಿ ಆರಂಭವಾದ ತುರ್ತು ಚಿಕಿತ್ಸೆಗೆ, 250 ಡಾಲರ್ ಕಳೆದು ಉಳಿದುದರಲ್ಲಿ ಶೇ. 80ನ್ನು ಕೊಡುತ್ತವೆ. ಇದಕ್ಕೆ ಜೀವಮಾನದ ಮಿತಿ 50,000 ಡಾಲರ್. ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ನಾಲ್ಕು ತಿಂಗಳು ಉಳಿಯುವವರಿಗೆ ಮೂರನೆಯ ತಿಂಗಳಲ್ಲಿ ಹೃದಯಾಘಾತವಾದರೆ ಈ ರಕ್ಷಣೆ ಇರುವುದಿಲ್ಲ. ಅಂಥವರು ಇಲ್ಲಿನ ವಾಸಕ್ಕೆ ಪ್ರತ್ಯೇಕ ವ್ಯವಸ್ಥೆ ಮಾಡಿಕೊಳ್ಳುವುದು ಅಗತ್ಯ.

ಪೂರಕ ವಿಮೆ ಏನನ್ನು ಕೊಡುವುದಿಲ್ಲ ಎಂಬುದೂ ತಿಳಿದಿರಬೇಕು. ಹಲ್ಲು, ಕನ್ನಡಕ, ಶ್ರವಣ ಸಾಧನ ಮತ್ತು ವೃದ್ಧಾಪ್ಯದ ದೀರ್ಘಕಾಲಿಕ ಆರೈಕೆ ಇದರಲ್ಲಿ ಇಲ್ಲ. 2006ರ ನಂತರ ಮಾರಾಟವಾದ ಪಾಲಿಸಿಗಳಲ್ಲಿ ಔಷಧಿಯೂ ಇಲ್ಲ. ಅದಕ್ಕೆ ಭಾಗ-ಡಿ ಬೇಕು. 2022ರ ಕಾನೂನಿನ ಫಲವಾಗಿ ಭಾಗ-ಡಿ ಔಷಧಿಗಳ ಕೈಖರ್ಚಿಗೆ 2025ರಲ್ಲಿ 2,000 ಡಾಲರುಗಳ ವಾರ್ಷಿಕ ಮಿತಿ ಬಂದಿತು. 2026ರಲ್ಲಿ ಅದು 2,100 ಡಾಲರ್.

ಇಲ್ಲಿನವರಿಗೂ ಒಂದು ಪಾಠ

ಅಮೆರಿಕಕ್ಕೆ ಹೋಗದವರಿಗೂ ಈ ಲೆಕ್ಕದ ಕ್ರಮ ಉಪಯುಕ್ತ. ಭಾರತದ ವಿಮಾ ನಿಯಂತ್ರಣ ಪ್ರಾಧಿಕಾರವು 2020ರ ಏಪ್ರಿಲ್‌ನಿಂದ ಜಾರಿಗೆ ತಂದ ಆರೋಗ್ಯ ಸಂಜೀವನಿ ಪಾಲಿಸಿ ಇದೇ ತತ್ವದ್ದು. ಷರತ್ತುಗಳು ಎಲ್ಲ ಕಂಪನಿಗಳಲ್ಲೂ ಒಂದೇ, ಕ್ಲೇಮಿನಲ್ಲಿ ಶೇ. 5 ಪಾಲಿಸಿದಾರರ ಪಾಲು, ದರ ಮಾತ್ರ ಬೇರೆ ಬೇರೆ. ಟಾಪ್-ಅಪ್ ಮತ್ತು ಸೂಪರ್ ಟಾಪ್-ಅಪ್ ನಡುವಿನ ವ್ಯತ್ಯಾಸವೂ ಮೆಡಿಕೇರ್‌ನ ಎರಡು ಡಿಡಕ್ಟಿಬಲ್‌ಗಳ ವ್ಯತ್ಯಾಸವನ್ನೇ ಹೋಲುತ್ತದೆ: ಮೊದಲನೆಯದರಲ್ಲಿ ಪ್ರತಿ ಆಸ್ಪತ್ರೆವಾಸಕ್ಕೂ ಆರಂಭಿಕ ಮೊತ್ತವನ್ನು ಹೊಸದಾಗಿ ಭರಿಸಬೇಕು, ಎರಡನೆಯದರಲ್ಲಿ ವರ್ಷದ ಒಟ್ಟು ಖರ್ಚಿಗೆ ಒಮ್ಮೆ ಮಾತ್ರ.

ಪೂರಕ ವಿಮೆ ಕೊಳ್ಳುವವರು ಅನುಸರಿಸಬೇಕಾದ ಕ್ರಮ ಇಷ್ಟು: ಭಾಗ-ಬಿ ಆರಂಭದ ದಿನಾಂಕವನ್ನು ಬರೆದಿಟ್ಟುಕೊಂಡು ಆರು ತಿಂಗಳ ಗಡುವನ್ನು ಗುರುತಿಸುವುದು, ಒಳ್ಳೆಯ ವರ್ಷ ಮತ್ತು ಕೆಟ್ಟ ವರ್ಷ ಎರಡಕ್ಕೂ ಒಟ್ಟು ವೆಚ್ಚವನ್ನು ಲೆಕ್ಕ ಹಾಕಿ ಅಕ್ಷರವನ್ನು ಆರಿಸುವುದು, ಅದೇ ಅಕ್ಷರಕ್ಕೆ ಕನಿಷ್ಠ ಮೂರು ಕಂಪನಿಗಳ ದರ ಹಾಗೂ ದರ ನಿಗದಿಯ ವಿಧಾನವನ್ನು ವಿಚಾರಿಸುವುದು. ಅಮೆರಿಕದ ಪ್ರತಿ ರಾಜ್ಯದಲ್ಲೂ ಮೆಡಿಕೇರ್ ಬಗ್ಗೆ ಉಚಿತ ಸಲಹೆ ನೀಡುವ ಸರ್ಕಾರಿ ನೆರವಿನ ಕೇಂದ್ರಗಳಿವೆ. ಅವು ಯಾವ ಪಾಲಿಸಿಯನ್ನೂ ಮಾರುವುದಿಲ್ಲವಾದ್ದರಿಂದ ಅಲ್ಲಿನ ಸಲಹೆಗೆ ಹೆಚ್ಚಿನ ಬೆಲೆಯಿದೆ. ಕೊಂಡ ಮೇಲೂ 30 ದಿನಗಳೊಳಗೆ ಪಾಲಿಸಿಯನ್ನು ಹಿಂದಿರುಗಿಸಿ ಹಣ ವಾಪಸು ಪಡೆಯಬಹುದು. ಪ್ರೀಮಿಯಂ ರಸೀದಿ ಪ್ರತಿ ತಿಂಗಳೂ ಕಣ್ಣಿಗೆ ಬೀಳುತ್ತದೆ. ಕೈಖರ್ಚಿನ ಮೊತ್ತ ಕಾಯಿಲೆ ಬಿದ್ದ ದಿನವೇ ಗೊತ್ತಾಗುವುದು. ಅದನ್ನು ಮೊದಲೇ ಬರೆದು ನೋಡಿದವರಿಗೆ ಆ ದಿನ ಬಿಲ್ಲಿನ ಚಿಂತೆಯಾದರೂ ಇರುವುದಿಲ್ಲ.